ನಾಯಿ ತರೋಕೆ ಅಂತ ಮುಧೋಳಕ್ಕೆ ಹೋಗಿದ್ವಿ

ಜನವರಿಯಲ್ಲಿ ಮುಧೋಳದ ಕಡೆ ಹೋದರೆ ಮೊದಲು ಕಣ್ಣಿಗೆ ಬೀಳೋದು ನಾಯಿ ಅಲ್ಲ, ಕಬ್ಬು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅದರ ಮೇಲೆ ಮನೆಯೆತ್ತರ ಕಬ್ಬು, ಹಿಂದೆ ಹಾರ್ನ್ ಹೊಡೆದು ಹೊಡೆದು ಸುಸ್ತಾದ ನಮ್ಮ ಬಸ್ಸು. ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಬಂದು, ಬೆಳಿಗ್ಗೆ ಬಾಗಲಕೋಟೆಯಲ್ಲಿ ಇಳಿದು, ಕಲಾದಗಿ, ಲೋಕಾಪುರ ದಾಟಿ ಹೋಗ್ತಾ ಇದ್ವಿ. ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದಳು. ಅವಳ ಬ್ಯಾಗಿನಲ್ಲಿ ಹೊಸ ಕೆಂಪು ಕಾಲರ್ ಇತ್ತು. ನಾಯಿ ಸಿಗೋ ಮುಂಚೆ ಕಾಲರ್ ತಗೊಳ್ಳಬೇಡ ಅಂತ ನಾನು ಹೇಳಿದ್ದೆ. ಅವರಪ್ಪ ಕೊಡಿಸಿದ್ದರು.

ಈ ಪ್ರಯಾಣದ ಹಿಂದೆ ಆರು ತಿಂಗಳ ಚರ್ಚೆ ಇದೆ. ನಮ್ಮದು ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟು. ನಾವಿಬ್ಬರೂ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಮಗಳಿಗೆ ಎಂಟು ವರ್ಷ. ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿನ ಮನೆ ಮುಚ್ಚಿ ನಮ್ಮ ಜೊತೆ ಇದ್ದಾರೆ. ಮಗಳಿಗೆ ಆಟಕ್ಕೆ, ಅತ್ತೆಗೆ ಹಗಲು ಜೊತೆಗೆ ಒಂದು ನಾಯಿ ಇರಲಿ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ವಿ. ಮನೆಯಲ್ಲಿ ಯಾರಿಗೂ ನಾಯಿ ಸಾಕಿ ಗೊತ್ತಿಲ್ಲ.

ಆಮೇಲೆ ಶುರುವಾಯ್ತು ಫೋನ್ ನೋಡೋದು. ನೀವೂ ನೋಡಿರ್ತೀರಿ. ಲ್ಯಾಬ್ರಡಾರ್ ಮರಿಯ ಫೋಟೊಗೆ ಕರಗದವರು ಯಾರು? ಆದರೆ ಎದುರಿನ ಬ್ಲಾಕಿನ ಲ್ಯಾಬ್ರಡಾರ್ ಈಗ ಸೋಫಾದಷ್ಟು ದಪ್ಪ ಆಗಿದೆ, ಮೆಟ್ಟಿಲು ಹತ್ತೋಕೆ ಆಗಲ್ಲ. ಪಗ್‌ಗೆ ಚಪ್ಪಟೆ ಮೂತಿ, ಬೇಸಿಗೆ ಬಂದರೆ ಉಸಿರಿಗೇ ಕಷ್ಟ. ಬೀಗಲ್ ಮುದ್ದಾಗಿರುತ್ತೆ, ಆದರೆ ವಾಸನೆ ಹಿಡಿದು ಕೂಗುತ್ತಾ ಮೊಲ ಅಟ್ಟೋಕೆ ಅಂತ ಬೆಳೆಸಿದ ತಳಿ ಅದು, ಕೂಗದೆ ಇನ್ನೇನು ಮಾಡೀತು. ನಮ್ಮ ಲೇಔಟಿನಲ್ಲಿ ಒಂದು ಹಸ್ಕಿ ಇದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಬೇಕಾದ ಪ್ರಾಣಿ, ಏಪ್ರಿಲ್‌ನಲ್ಲಿ ಬಾತ್‌ರೂಮಿನ ಟೈಲ್ಸ್ ಮೇಲೆ ಮಲಗಿರುತ್ತೆ. ಅದನ್ನ ನೋಡಿದ ದಿನವೇ ನಮ್ಮವರು, "ನಮ್ಮ ನೆಲದ್ದೇ ತರೋಣ, ಮುಧೋಳ" ಅಂದರು. ನನಗೂ ಸರಿ ಅನ್ನಿಸ್ತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಸೈನ್ಯದವರೂ ತರಬೇತಿಗೆ ಅಂತ ಮೀರತ್‌ಗೆ ಒಯ್ದ ನಾಯಿ. ಸ್ವಲ್ಪ ಹೆಮ್ಮೆಯೂ ಸೇರಿಕೊಂಡಿತ್ತು, ಸುಳ್ಳು ಯಾಕೆ ಹೇಳಲಿ.

ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಆಟೊ ಹತ್ತಿ ಕೂತ ತಕ್ಷಣ ಡ್ರೈವರ್ ಕೇಳಿದ, "ನಾಯಿ ನೋಡಾಕ ಬಂದೀರೇನ್ರಿ?" ನಮ್ಮ ಮುಖದ ಮೇಲೆ ಬರೆದಿತ್ತೇನೋ. "ಎಲ್ಲಾರೂ ನಾಯಿ ಅಂತಾರ್ರಿ. ನಮ್ಮೂರು ರನ್ನನ ಊರು, ಅದನ್ನ ಯಾರೂ ಕೇಳಂಗಿಲ್ಲ" ಅಂತ ನಕ್ಕ. ಗದಾಯುದ್ಧ ಬರೆದ ರನ್ನ ಹುಟ್ಟಿದ ಮುದುವೊಳಲು ಇದೇ ಅಂತ ಶಾಲೆಯಲ್ಲಿ ಓದಿದ್ದು ನನಗೆ ಆಗ ನೆನಪಾಯ್ತು. ಮಗಳು "ರನ್ನ ಅಂದ್ರೆ?" ಅಂದಳು. "ರತ್ನ, ಚಿನ್ನ, ನೀನು" ಅಂದೆ. ಅವಳಿಗೆ ಇಷ್ಟ ಆಯ್ತು.

ಮೊದಲು ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಹೋದ್ವಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಮುಧೋಳ ತಳಿಯನ್ನ ಶುದ್ಧವಾಗಿ ಉಳಿಸಿಕೊಳ್ಳೋ ಕೆಲಸ ಅಲ್ಲಿ ನಡೆಯುತ್ತೆ. ಮರಿ ಬೇಕಾದರೆ ಹೆಸರು ಬರೆಸಿ ಸರದಿ ಕಾಯಬೇಕು ಅಂದರು. ಜಾಲರಿಯ ಆಚೆ ನಿಂತ ದೊಡ್ಡ ನಾಯಿಗಳನ್ನ ನೋಡಿದ್ದೇ ನನಗೆ ಸಾಕಾಯ್ತು. ಫೋಟೊದಲ್ಲಿ ಕಾಣದ ವಿಷಯ ಎತ್ತರ. ಗಂಡು ನಾಯಿ ಭುಜದ ಹತ್ತಿರವೇ ಸುಮಾರು 70 ಸೆಂ.ಮೀ. ಇರುತ್ತೆ, ಮಗಳ ಎದೆಮಟ್ಟ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿಕೊಂಡ ಹೊಟ್ಟೆ. ಮೈಮೇಲೆ ಕೊಬ್ಬು ಅನ್ನೋದೇ ಇಲ್ಲ. ಪಕ್ಕೆಲುಬು ಕಾಣೋದನ್ನ ನೋಡಿ ಮಗಳು "ಊಟ ಹಾಕಲ್ವಾ ಇದಕ್ಕೆ?" ಅಂತ ಪಾಪ ಪಟ್ಟಳು. ಅದು ಇರಬೇಕಾದ್ದೇ ಹಾಗೆ.

ಈ ತಳಿ ವಾಸನೆ ಹಿಡಿದು ಬೇಟೆಯಾಡೋದಲ್ಲ, ಕಣ್ಣಿನಿಂದ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಆ ಕ್ಷಣ ಕಾಲು ಕಿತ್ತಿರುತ್ತೆ. ಬಯಲುಸೀಮೆಯ ಹೊಲಗಳಲ್ಲಿ ಮೊಲ ಹಿಡಿಯೋಕೆ ಬೆಳೆಸಿದ ನಾಯಿಗೆ ನಮ್ಮ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಹೆಸರು ತಂದುಕೊಟ್ಟರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರಂತೆ. ಅರಮನೆಯ ಮಾತು ಬಿಡಿ, ಇವತ್ತಿಗೂ ಈ ನಾಯಿಯನ್ನ ಸಾಕ್ತಿರೋದು ಸುತ್ತಲ ಹಳ್ಳಿಗಳ ರೈತರು.

ಅಂಥ ಒಂದು ಮನೆಗೆ ಆಟೊದವನೇ ಕರೆದುಕೊಂಡು ಹೋದ. ಕಪ್ಪು ಮಣ್ಣಿನ ಹೊಲದ ಅಂಚಿಗೆ ಮನೆ, ಬೇವಿನ ಮರದ ಕೆಳಗೆ ಮೂರು ದೊಡ್ಡ ನಾಯಿ, ಒಂದು ಕಡೆ ತಾಯಿ ಜೊತೆ ಮರಿಗಳು. "ಬರ್ರಿ ಅಕ್ಕಾರ, ಕುಂದರ್ರಿ" ಅಂತ ಕಂಬಳಿ ಹಾಸಿದರು. ಚಹಾ ಬಂತು. ಅದರ ಹಿಂದೆ ಆ ಮನೆಯ ಹಿರಿಯರ ಪ್ರಶ್ನೆ ಬಂತು.

"ಏನ್ ಕೆಲಸಕ್ಕ ಬೇಕ್ರಿ ನಾಯಿ?"

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡ್ವಿ. ಆರು ತಿಂಗಳಲ್ಲಿ ಬಣ್ಣ, ಬೆಲೆ, ಕೂದಲು ಉದುರುತ್ತಾ, ಇಷ್ಟನ್ನೇ ನೋಡಿದ್ದು. ಕೆಲಸ ಅಂತ ಯಾರೂ ಕೇಳಿರಲಿಲ್ಲ. "ಸುಮ್ನೆ... ಮನೇಲಿರೋಕೆ" ಅಂದೆ.

ಅವರು ನಗಲಿಲ್ಲ. "ಹೊಲದಾಗ ಬಿಟ್ಟ್ರ ಓಡತೈತ್ರಿ. ಓಡಿ ಬಂದು ದಿನಾ ಮಲಗತೈತಿ, ಏನೂ ತಕರಾರಿಲ್ಲ. ಕಟ್ಟಿ ಹಾಕಿದ್ರ ಮಾತ್ರ ಕೆಡತೈತಿ" ಅಂದರು. ಊಟಕ್ಕೆ ಜೋಳದ ನುಚ್ಚು, ಹಾಲು, ಸಿಕ್ಕಾಗ ತತ್ತಿ. ಇಲ್ಲಿನ ಬಿಸಿಲು ತಡೆಯುತ್ತೆ, ಸಾಣೆ ಕೂದಲು, ಸ್ನಾನದ ರಗಳೆ ಇಲ್ಲ. ಎಲ್ಲ ಕೇಳೋಕೆ ಎಷ್ಟು ಸುಲಭ ಅನ್ನಿಸ್ತು. ಮಗಳು ಅಷ್ಟರಲ್ಲಿ ಹೋಗಿ ಕಂದು ಬಣ್ಣದ ಹೆಣ್ಣು ನಾಯಿಯ ಕುತ್ತಿಗೆ ಅಪ್ಪಿಕೊಳ್ಳೋಕೆ ಕೈ ಚಾಚಿದಳು. ಅದು ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಮೈ ಬಿಗಿ ಮಾಡಿಕೊಂಡು ಮೂರು ಹೆಜ್ಜೆ ದೂರ ಹೋಗಿ ನಿಂತಿತು, ಅಷ್ಟೇ. "ಹೊಸಬರ ಕಡೆ ಮುಟ್ಟಿಸ್ಕೊಳ್ಳಂಗಿಲ್ಲ ತಂಗಿ. ಮನಿಯವರಿಗಾದ್ರ ಜೀವ ಕೊಡತೈತಿ" ಅಂದರು ಅವರು.

ಆಗಲೇ ಬೆಕ್ಕೊಂದು ಹಿತ್ತಲಿನಿಂದ ಬಣವೆ ಕಡೆ ಓಡಿತು. ನಾಯಿಯ ಹಗ್ಗ ಹಿಡಿದಿದ್ದ ಹದಿನಾರು ಹದಿನೇಳರ ಹುಡುಗ, ಗಟ್ಟಿ ಆಳು, ಮುಂದಕ್ಕೆ ಮುಗ್ಗರಿಸಿ ಮೊಣಕಾಲೂರಿಬಿಟ್ಟ. ಎಲ್ಲರೂ ನಕ್ಕರು. ಹುಡುಗನೂ ಮಣ್ಣು ಕೊಡವಿಕೊಂಡು ನಕ್ಕ.

ನನಗೆ ಮಾತ್ರ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅತ್ತೆ, ಹೋದ ವರ್ಷ ಮಂಡಿ ಆಪರೇಷನ್ ಆದವರು, ಲಿಫ್ಟಿನ ಮುಂದೆ ಆ ಹಗ್ಗ ಹಿಡಿದು ನಿಂತ ಹಾಗೆ. ನಾವು ಆಫೀಸಿಗೆ ಹೋದ ಮೂರು ದಿನ ಮಧ್ಯಾಹ್ನ ಅದನ್ನ ಕೆಳಗೆ ಕರೆದುಕೊಂಡು ಹೋಗೋರು ಯಾರು? ಎರಡು ತಿಂಗಳ ಮರಿಯಾದರೆ ಎರಡೆರಡು ಗಂಟೆಗೊಮ್ಮೆ ಮೂತ್ರ ಒರೆಸೋರು ಯಾರು? ಲಸಿಕೆಗಳೆಲ್ಲ ಮುಗಿಯೋವರೆಗೆ ಮರಿಯನ್ನ ಬೀದಿಗೂ ಇಳಿಸೋ ಹಾಗಿಲ್ಲ, ಅಂದರೆ ನಾಲ್ಕು ತಿಂಗಳು ತುಂಬೋವರೆಗೂ ಎಲ್ಲ ಮನೆಯೊಳಗೇ. ಲೆಕ್ಕ ಹಾಕಿದರೆ ನಾಯಿ ಸಾಕೋರು ನಾವಲ್ಲ, ಅತ್ತೆ. ಅವರನ್ನ ಒಂದು ಮಾತು ಕೇಳಿರಲಿಲ್ಲ.

ಬಣವೆಯ ಹಿಂದೆ ಹೋಗಿ ಫೋನ್ ಮಾಡಿದೆ. "ಅತ್ತೆ, ನಾಯಿ ತಂದ್ರೆ ನಿಮಗೆ ಪರವಾಗಿಲ್ವಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಅಷ್ಟು ದೂರ ಹೋದ ಮೇಲೆ ಕೇಳ್ತೀಯಲ್ಲೇ" ಅಂದರು. ಆಮೇಲೆ ಮೆಲ್ಲಗೆ, "ನಂಗೆ ಎಳೆಯೋ ನಾಯಿ ಬೇಡ ಕಣಮ್ಮ. ಬಿದ್ದುಬಿಟ್ಟರೆ ನಿಮಗೇ ಕಷ್ಟ. ನಾನು ಕೂತಾಗ ಅದೂ ಕೂರಬೇಕು, ಅಂಥದ್ದಿದ್ರೆ ನೋಡು" ಅಂದರು.

ಆರು ತಿಂಗಳು ಹುಡುಕಿದ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆ ಮನೆಯವರಿಗೆ ಹೇಗೆ ಹೇಳೋದು ಅಂತ ಸಂಕೋಚ. ಹಿರಿಯರಿಗೆ ವಿಷಯ ಹೇಳಿದರೆ, "ಚಲೋ ಆತ್ರಿ. ಒಯ್ದು ಬ್ಯಾಡಾಗಿ ಯಾರಿಗೋ ಕೊಡೂದಕ್ಕಿಂತ ಇದು ಚಲೋ" ಅಂದು, ರೊಟ್ಟಿ ತಿಂದೇ ಹೋಗಬೇಕು ಅಂತ ಕೂರಿಸಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಗಳು ಒಂದು ತುತ್ತೂ ಮುಟ್ಟಲಿಲ್ಲ. ವಾಪಸ್ ರೈಲಿನಲ್ಲಿ ಗದಗದವರೆಗೆ ಅತ್ತಳು. ಕೆಂಪು ಕಾಲರ್ ತನ್ನ ಕೈಗೆ ಸುತ್ತಿಕೊಂಡೇ ಮಲಗಿದಳು. ನಾನು ದೊಡ್ಡ ತಪ್ಪು ಮಾಡಿದೆನೇನೋ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮನೆಗೆ ಬಂದು ನಾಲ್ಕು ದಿನಕ್ಕೆ ಗುಟ್ಟು ಗೊತ್ತಾಯ್ತು. ಅತ್ತೆ ದಿನಾ ಸಂಜೆ ಹಾಲು ತರೋಕೆ ಅಂತ ಕೆಳಗೆ ಹೋಗಿ ಅರ್ಧ ಗಂಟೆ ಬರ್ತಿರಲಿಲ್ಲವಲ್ಲ, ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತು ಒಂದು ಬೀದಿ ನಾಯಿಗೆ ಬಿಸ್ಕತ್ತು ಹಾಕ್ತಿದ್ದರಂತೆ. ತಿಂಗಳುಗಟ್ಟಲೆಯಿಂದ! ವಾಚ್‌ಮನ್ ಹೇಳಿದ. ಹೋಗಿ ನೋಡಿದೆ. ಕಪ್ಪು ಬಿಳಿ ಹೆಣ್ಣು ನಾಯಿ, ಕಿವಿಯ ತುದಿ ಚೂರು ಕತ್ತರಿಸಿದ ಗುರುತು, ಅಂದರೆ ಸಂತಾನಹರಣ ಚಿಕಿತ್ಸೆ ಆಗಿದೆ. ಅತ್ತೆ ಕೂತಿದ್ದರು, ಅದೂ ಕೂತಿತ್ತು.

ತಕ್ಷಣ ಒಳಗೆ ಕರೆದುಕೊಂಡು ಬಂದ್ವಿ ಅಂತ ಅಂದುಕೊಳ್ಳಬೇಡಿ. ಪಶುವೈದ್ಯರ ಹತ್ತಿರ ತೋರಿಸಿದ್ವಿ. ವಯಸ್ಸು ಎರಡು ಮೂರು ವರ್ಷ ಇರಬಹುದು ಅಂದರು. ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ, ರೇಬಿಸ್ ಲಸಿಕೆ, ಜಂತುಹುಳುವಿನ ಮಾತ್ರೆ. "ಮೊದಲ ಸಲ ಸಾಕೋರಿಗೆ ಬೆಳೆದ ನಾಯಿಯೇ ವಾಸಿ. ಎಷ್ಟು ಎತ್ತರ ಆಗುತ್ತೆ, ಏನು ಸ್ವಭಾವ, ಎಲ್ಲ ಎದುರಿಗೇ ಇದೆ" ಅಂದರು ಅವರು. ಮರಿಯಲ್ಲಿ ಅದೆಲ್ಲ ಊಹೆ. ಎರಡು ವಾರ ನೋಡಿ ತೀರ್ಮಾನ ಮಾಡೋಣ ಅಂದುಕೊಂಡ್ವಿ. ಮೊದಲ ವಾರ ಕಷ್ಟವೇ ಆಯ್ತು. ಲಿಫ್ಟ್ ಅಂದರೆ ಭಯ, ಕುಕ್ಕರ್ ವಿಷಲ್ ಕೇಳಿದರೆ ಮಂಚದ ಕೆಳಗೆ, ಸೋಫಾದ ಮೇಲೆ ಎರಡು ಸಲ ಅಭಿಷೇಕ. ಒಂದು ರಾತ್ರಿ ಗೇಟಿನ ಕಡೆ ಮುಖ ಮಾಡಿ ಊಳಿಟ್ಟು ಇಡೀ ಮಹಡಿ ಎಬ್ಬಿಸಿತು. ಅಸೋಸಿಯೇಷನ್‌ನವರು ಬಂದರು. ಸಾಕುಪ್ರಾಣಿ ಬೇಡ ಅನ್ನೋ ಅಧಿಕಾರ ಅವರಿಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ, ಅದನ್ನ ತೋರಿಸಿದ್ವಿ. ಆದರೂ ಕಾಗದ ತೋರಿಸಿದ್ದಕ್ಕಿಂತ ಪಕ್ಕದ ಮನೆಯವರ ಹತ್ತಿರ ಅತ್ತೆ ಹೋಗಿ ಕೂತು ಮಾತಾಡಿದ್ದೇ ಹೆಚ್ಚು ಕೆಲಸ ಮಾಡ್ತು.

ಹನ್ನೊಂದನೇ ದಿನ ಅದು ಲಿಫ್ಟಿಗೆ ತಾನಾಗಿ ಹತ್ತಿತು. ಮಗಳು ಆವತ್ತು ಕೆಂಪು ಕಾಲರ್ ಕಟ್ಟಿದಳು. ಮುಧೋಳದ ನಾಯಿಗೆ ಅಂತ ತಗೊಂಡಿದ್ದು, ಎರಡು ತೂತು ಹೆಚ್ಚು ಕೊರೆಯಬೇಕಾಯ್ತು. ಹೆಸರು ರನ್ನ.

ಮುಧೋಳದ ಆ ಹಿರಿಯರ ಮಗನ ನಂಬರ್ ನಮ್ಮವರ ಹತ್ತಿರ ಇದೆ. ಆಗಾಗ ಹೊಲದಲ್ಲಿ ನಾಯಿ ಓಡೋ ವಿಡಿಯೊ ಕಳಿಸ್ತಾರೆ, ನಾಲ್ಕೂ ಕಾಲು ನೆಲ ಬಿಟ್ಟ ಒಂದು ಕ್ಷಣ ಇರುತ್ತಲ್ಲ, ಮಗಳು ಅಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡ್ತಾಳೆ. "ನಾವು ಹೊಲ ತಗೊಂಡಾಗ" ಅಂತ ಅವಳ ಲೆಕ್ಕ ಇನ್ನೂ ಇದೆ. ಹೋದ ವಾರ ನಾವೂ ರನ್ನನ ಒಂದು ಫೋಟೊ ಕಳಿಸಿದ್ವಿ. ಉತ್ತರ ಬಂತು: "ಚಲೋ ಐತ್ರಿ. ಯಾವ ಜಾತೀದು?"

ಏನು ಬರೆಯೋದು ಅಂತ ನಾವು ಯೋಚಿಸ್ತಾ ಇದ್ದರೆ, ಅವರೆಕಾಳು ಹಿಸುಕ್ತಾ ಕೂತಿದ್ದ ಅತ್ತೆ ತಲೆಯೆತ್ತದೆ ಹೇಳಿದರು, "ಗೇಟಿನ ಹತ್ತಿರದ್ದು ಅಂತ ಬರಿ."