ಪಾಳಿ ಪುಸ್ತಕದ ಹೊರಗೆ

ಜೂನ್ 3, 2025
ಹೈಸ್ಕೂಲಿನಲ್ಲಿ ಪ್ರಾತ್ಯಕ್ಷಿಕೆ, ಹೃದಯ ನಿಂತವರ ಎದೆ ಒತ್ತುವುದು ಹೇಗೆಂದು. ಎದೆಯ ನಡುವೆ, ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಬೊಂಬೆ ಕಂಡು ಹುಡುಗರಿಗೆ ನಗು. ಹುಡುಗಿಯರೇ ಚೆನ್ನಾಗಿ ಒತ್ತಿದರು. ಹಿಂದಿನ ಬೆಂಚಿನವನೊಬ್ಬ ಎದ್ದು, "ಸರ್, ರಸ್ತೇಲಿ ಬಿದ್ದವರನ್ನ ಮುಟ್ಟಿದ್ರೆ ಪೊಲೀಸರು ನಮ್ಮನ್ನೇ ಹಿಡ್ಕೋತಾರಂತೆ?" ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ತಿದ್ದುಪಡಿಯಾಗಿದೆ, ಅಪಘಾತದಲ್ಲಿ ನೆರವಾದವರ ಮೇಲೆ ಕೇಸಿಲ್ಲ, ಹೆಸರು ಕೂಡ ಹೇಳಬೇಕಿಲ್ಲ ಎಂದೆ. ಹುಡುಗ ನಂಬಿದ. ಹೆಡ್‌ಮಾಸ್ತರರು ನಂಬಿದಂತೆ ಕಾಣಲಿಲ್ಲ.

ಜೂನ್ 9, ನಸುಕು
ನಮ್ಮ 108 ಆಂಬುಲೆನ್ಸ್‌ಗೆ ಹಿನ್ನೀರಿನಾಚೆಯ ತುಮರಿ ಕಡೆಯಿಂದ ಹೆರಿಗೆ ಕೇಸು. ಕೊನೆಯ ಲಾಂಚ್ ಸಂಜೆಗೇ ಮುಗಿದಿತ್ತು. ಹೊಸನಗರದ ಮೇಲೆ ಸುತ್ತಿ ಬರುವಷ್ಟು ಹೊತ್ತು ಇರಲಿಲ್ಲ. ಆಶಾ ಕಾರ್ಯಕರ್ತೆಯೇ ಲಾಂಚಿನವರನ್ನು ಎಬ್ಬಿಸಿದ್ದಾಳೆ. ನಾವು ಅಂಬಾರಗೋಡ್ಲಿನ ದಡದಲ್ಲಿ ಮಳೆಗೆ ನೆನೆಯುತ್ತ ನಿಂತಿದ್ದೆವು. ನೀರಿನ ಮೇಲೆ ಒಂದೇ ದೀಪ. ಎಷ್ಟು ಹೊತ್ತಾದರೂ ಹತ್ತಿರ ಬರುತ್ತಿಲ್ಲ ಅನ್ನಿಸುತ್ತಿತ್ತು. ಸಾಗರ ಮುಟ್ಟುವ ಮೊದಲೇ ಗಾಡಿಯಲ್ಲಿ ಹೆಣ್ಣುಮಗು. ತಕ್ಷಣ ಅತ್ತಿತು, ಪುಣ್ಯ.
ಲಾಂಚಿನವರ ಹೆಸರು ಬರೆಯಲು ನಮ್ಮ ಕೇಸ್ ಶೀಟಿನಲ್ಲಿ ಜಾಗವಿಲ್ಲ.

ಜೂನ್ 14
ಹಾವು ಕಚ್ಚಿದ ಕೇಸು, ಅಡಿಕೆ ತೋಟದ ಆಳು. ಕೊಳಕುಮಂಡಲ ಎಂದರು. ಮೊಣಕಾಲ ಕೆಳಗೆ ಹಗ್ಗ ಬಿಗಿದು ಕಾಲು ನೀಲಿ. ಮೊದಲು ನಾಟಿ ಔಷಧಿಯವರ ಮನೆ, ಆಮೇಲೆ ನಾವು. ಸಿಟ್ಟು ಬಂತು, ನುಂಗಿಕೊಂಡೆ. ಆಸ್ಪತ್ರೆಯಲ್ಲಿ ಪ್ರತಿವಿಷ ಹಾಕಿದ್ದಾರೆ.

ಜೂನ್ 16
ಆ ನಾಟಿ ಔಷಧಿಯವರ ಮನೆಗೇ ಹೋದೆವು. ಹೋಗೋಣ ಎಂದದ್ದು ನಮ್ಮ ಪೈಲಟ್, ಗಾಡಿ ಓಡಿಸುವವ. ಅವನು ಇಲ್ಲಿಯವನು, ನಾನು ಚಳ್ಳಕೆರೆಯವನು. ಜಗಲಿಯಲ್ಲಿ ಕೂರಿಸಿ ಕಾಫಿ, ಹಲಸಿನ ಹಪ್ಪಳ ಕೊಟ್ಟರು. ಹಗ್ಗ ಕಟ್ಟಬೇಡಿ, ಕಾಲು ಅಲುಗಾಡದಂತೆ ಇಡಿ ಎಂದೆ. ಅಜ್ಜ ಎಲ್ಲ ಕೇಳಿ, "ಎಲ್ಲಾ ಹಾವಿಗೂ ನಿಮ್ಮ ಇಂಜೆಕ್ಷನ್ ನಡೀತದಾ ತಮ್ಮಾ?" ಎಂದರು. ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೇ. ಹಾಗೇ ಹೇಳಿದೆ. ಸುಳ್ಳು ಹೇಳಿದ್ದರೆ ಅಲ್ಲೇ ಮಾತು ಮುಗಿಯುತ್ತಿತ್ತು. ಇನ್ನು ಮೇಲೆ ಯಾರಾದರೂ ಬಂದರೆ ತಾವೇ 108ಕ್ಕೆ ಫೋನ್ ಮಾಡಿಸುತ್ತಾರಂತೆ. ಮಾಡಿಸುತ್ತಾರೋ ಇಲ್ಲವೋ.

ಜೂನ್ 22, ಭಾನುವಾರ
ಗಾಡಿ ತೊಳೆದೆವು. ಆಮ್ಲಜನಕದ ಸಿಲಿಂಡರ್ ಬದಲಿಸಿದೆವು. ಕೇಸಿಲ್ಲ. ಕೇಸಿಲ್ಲದ ದಿನ ಖುಷಿಪಡಬೇಕು. ಬೇಜಾರಾಗುತ್ತದೆ.

ಜೂನ್ 30
ತಿರುವಿನಲ್ಲಿ ಬೈಕ್ ಅಪಘಾತ. ನಾವು ಹೋಗುವಷ್ಟರಲ್ಲಿ ಆಟೋದವನೊಬ್ಬ ಟವೆಲ್ ಮಡಚಿ ಗಾಯಾಳುವಿನ ತೊಡೆಗೆ ಒತ್ತಿ ಹಿಡಿದು ಕೂತಿದ್ದ. ಇನ್ನೊಬ್ಬ ಬಸ್ಸುಗಳನ್ನು ತಡೆದು ನಮಗೆ ದಾರಿ ಬಿಡಿಸಿದ. ಯಾವ ತರಬೇತಿಗೆ ಬಂದಿದ್ದಿರಿ ಎಂದು ಕೇಳಿದೆ.
"ಎಂತ ತರಬೇತಿ? ರಕ್ತ ಹೋಗ್ತಿತ್ತಲ್ಲ ಮಾರಾಯ್ರೆ."
ನಾನು ಊರೂರಿಗೆ ಬೊಂಬೆ ಹೊತ್ತು ಏನು ಕಲಿಸುತ್ತಿದ್ದೇನೆ?

ಜುಲೈ 6
ಹೋದಾಗ ಮುಗಿದಿತ್ತು. ಎಪ್ಪತ್ತು ದಾಟಿದ ಯಜಮಾನರು. ಸಾಗರದ ಮಗಳ ಮನೆಗೆ ದೇಹ ಒಯ್ಯಲು ಮನೆಯವರು ಕೇಳಿದರು. ನಮ್ಮ ಗಾಡಿಯಲ್ಲಿ ಹೆಣ ಒಯ್ಯುವಂತಿಲ್ಲ. ಅಷ್ಟರಲ್ಲಿ ಬೇರೆ ಕಡೆಯಿಂದ ಕರೆ ಬಂದರೆ? ನಿಯಮ ಸರಿಯೇ. ಮಗ ಏನೂ ಅನ್ನಲಿಲ್ಲ, ಪಿಕಪ್‌ಗೆ ಫೋನ್ ಹಚ್ಚಿದ. ಬೈದಿದ್ದರೆ ವಾಸಿಯಿತ್ತು. ನಾಳೆ ಆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ನಮ್ಮನ್ನು ಕರೆಯುತ್ತಾರಾ?

ಜುಲೈ 14
ಅಂಬಾರಗೋಡ್ಲಿನಿಂದ ಆಚೆ ದಡಕ್ಕೆ ಕಟ್ಟಿದ ಸೇತುವೆಯ ಉದ್ಘಾಟನೆ. 2.44 ಕಿ.ಮೀ. ಸಾಗರದಲ್ಲಿ ಸಚಿವರ ಸಭೆ, ಊರಲ್ಲೆಲ್ಲ ಜಾತ್ರೆಯ ಗದ್ದಲ. ಲಿಂಗನಮಕ್ಕಿ ಹಿನ್ನೀರು ತುಂಬಿ ಅರವತ್ತು ವರ್ಷ. ಅಷ್ಟೂ ಕಾಲ ಆಚೆಯವರು ಬಸುರಿಯರನ್ನು ದಿನ ತುಂಬುವ ಮೊದಲೇ ಈಚೆಯ ನೆಂಟರ ಮನೆಗೆ ಕಳಿಸುತ್ತಿದ್ದರಂತೆ, ಪೈಲಟ್ ಹೇಳಿದ. ಲಾಂಚಿನವರೊಬ್ಬರು ಸಿಕ್ಕರು. ನಕ್ಕರು, ಹೆಚ್ಚು ಮಾತಾಡಲಿಲ್ಲ.

ಜುಲೈ 18, ರಾತ್ರಿ
ಸೇತುವೆಯ ಮೇಲೆ ಮೊದಲ ರಾತ್ರಿ ಕೇಸು. ಹೊಳೆ ದಾಟಿದ್ದೇ ಗೊತ್ತಾಗಲಿಲ್ಲ. ಮುಂದೆ ಮಣ್ಣುದಾರಿಯಲ್ಲಿ ಚಕ್ರ ಹೂತಿತು. ಮ್ಯಾಪು ತೋರಿಸಿದಲ್ಲಿ ಮನೆಯೇ ಇಲ್ಲ. ಆಶಾ ಫೋನಿನಲ್ಲಿ, "ಭೂತನಕಟ್ಟೆ ದಾಟಿ ಎಡಕ್ಕೆ ಬನ್ನಿ ಸರ್, ಉಣಗೋಲು ತೆಗೆದಿಟ್ಟಿದ್ದೀವಿ" ಅಂದಳು. ಅಕ್ಕಪಕ್ಕದ ಮನೆಯವರು ಬ್ಯಾಟರಿ ಹಿಡಿದು ಬಂದು, ಸ್ಟ್ರೆಚರಿಗೆ ಹೆಗಲು ಕೊಟ್ಟರು. ಲಕ್ವ ಹೊಡೆದ ಹೆಂಗಸು. ಆಸ್ಪತ್ರೆಗೆ ಹೊತ್ತಿಗೆ ಮುಟ್ಟಿಸಿದೆವು.

ಜುಲೈ 20
ಆ ಮಣ್ಣುದಾರಿಗೆ ಜಲ್ಲಿ ಹಾಕಿಸಿ, ಪ್ರತಿ ಕವಲಿಗೂ ಮನೆಗಳ ಹೆಸರಿನ ಹಲಗೆ ನೆಡಿಸಿ ಎಂದು ಆಶಾ ಪಂಚಾಯಿತಿಗೆ ಅರ್ಜಿ ಬರೆದಿದ್ದಾಳೆ. ಊರಿನವರೆಲ್ಲ ಸಹಿ ಮಾಡಿದ್ದಾರೆ. ನಾನೂ ಮಾಡಿದೆ. ಡ್ಯೂಟಿಯಲ್ಲಿರುವವನು ಹಾಗೆಲ್ಲ ಸಹಿ ಹಾಕಬಹುದೋ ಏನೋ, ಮೇಲಿನವರನ್ನು ಕೇಳಿಲ್ಲ.