ಕಡಲ ತಳದ ಉಳುಮೆ

ಗಾಜಿನ ಲೋಟದ ನೀರಿಗೆ ಒಂದು ಹಿಡಿ ತೋಟದ ಮಣ್ಣು ಹಾಕಿ ಕದಡಿ ನೋಡಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ. ಜೇಡಿ ಮರುದಿನವೂ ನೀರನ್ನು ಮಬ್ಬಾಗಿಸಿರುತ್ತದೆ. ಭೂವಿಜ್ಞಾನ ಓದುವಾಗ ಇದೇ ಪ್ರಯೋಗದ ಬೆನ್ನಿಗೆ ಒಂದು ಲೆಕ್ಕ ಮಾಡಿದ್ದೆ. ಮಿಲಿಮೀಟರಿನ 500ನೇ ಒಂದು ಭಾಗದಷ್ಟಿರುವ ಜೇಡಿಯ ಒಂಟಿ ಕಣ ಅಲುಗದ ನೀರಿನಲ್ಲಿ 4 ಕಿ.ಮೀ. ಇಳಿಯಲು 30 ವರ್ಷಕ್ಕೂ ಹೆಚ್ಚು ಬೇಕು. ನಿಜವಾದ ಕಡಲಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು, ಸಣ್ಣ ಜೀವಿಗಳ ಹಿಕ್ಕೆಯಲ್ಲಿ ಸೇರಿಕೊಂಡು ಬೇಗ ಇಳಿಯುತ್ತವೆ. ಆದರೂ ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಹಾಗೆ ಇಳಿದದ್ದು ಕೂಡಲೇ ಗಟ್ಟಿ ನೆಲವಾಗುವುದಿಲ್ಲ. ಆಳಗಡಲಿನ ಕೆಸರಿನ ಮೇಲ್ಪದರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಜೇಡಿಯ ತೆಳ್ಳನೆಯ ಹಲ್ಲೆಗಳು ಇಸ್ಪೀಟು ಎಲೆಗಳ ಮನೆಯಂತೆ ಒಂದಕ್ಕೊಂದು ಓರೆಯಾಗಿ ಆನಿಕೊಂಡು, ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೇಲೆ ಹೊಸ ಪದರ ಕೂತಂತೆ ಆ ನೀರು ಹಿಂಡಿಹೋಗಿ ಕೆಸರು ಬಿಗಿಯುತ್ತದೆ. ಆದರೆ ದಡದಿಂದ ಬಹುದೂರದ ಆಳದಲ್ಲಿ ಸಾವಿರ ವರ್ಷಕ್ಕೆ ಕೂರುವುದು ಕೆಲವೇ ಮಿಲಿಮೀಟರು.

ಇಷ್ಟು ಮೆತ್ತಗಿನ ಕೆಸರಿನಲ್ಲಿ ಗುರುತು ನಿಲ್ಲಲಾರದು ಅನ್ನಿಸುತ್ತದೆ, ಅಲ್ಲವೇ? 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆಯ ಶಾಂತಸಾಗರದಲ್ಲಿ, 4 ಕಿ.ಮೀ.ಗೂ ಹೆಚ್ಚು ಆಳದಲ್ಲಿ, 8 ಮೀಟರ್ ಅಗಲದ ಕುಂಟೆಯಂಥ ಸಾಧನ ಎಳೆದರು. ತಳದ ಗಣಿಗಾರಿಕೆ ಏನು ಮಾಡೀತೆಂದು ತಿಳಿಯುವುದು ಅವರ ಉದ್ದೇಶ. 2015ರಲ್ಲಿ ಮತ್ತೆ ಹೋಗಿ ಕ್ಯಾಮೆರಾ ಇಳಿಸಿದಾಗ ಸಾಲುಗಳು ಹಾಗೇ ಇದ್ದವು. ನಮ್ಮ ಹೊಲದ ಸಾಲು ನಾಲ್ಕು ಮಳೆಗೆ ಮಾಸುತ್ತದೆ. ಅಲ್ಲಿ ಮಳೆಯಿಲ್ಲ, ಅಲೆಯ ಹೊಡೆತವಿಲ್ಲ, ಹೊಂಡ ತುಂಬುವಷ್ಟು ಮಣ್ಣೂ ಬೀಳುವುದಿಲ್ಲ.

ಇದು ದೂರದ ಮಾತಲ್ಲ. ಹಿಂದೂ ಮಹಾಸಾಗರದ ನಡುವೆ, 5 ಕಿ.ಮೀ. ಆಳದ ಇಂಥದೇ ಕೆಸರಿನ ಮೇಲೆ, ಆಲೂಗಡ್ಡೆ ಗಾತ್ರದ ಕಪ್ಪು ಗಂಟುಗಳು ಹರಡಿಕೊಂಡಿವೆ. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಅವುಗಳಲ್ಲಿವೆ. ಒಂದು ಗಂಟು ಕೆಲವು ಮಿಲಿಮೀಟರು ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಅಲ್ಲಿ ಸುಮಾರು 75,000 ಚದರ ಕಿ.ಮೀ. ಪ್ರದೇಶದಲ್ಲಿ ಅವನ್ನು ಹುಡುಕಲು ಭಾರತ ಒಪ್ಪಂದ ಮಾಡಿಕೊಂಡಿದೆ. ಗಂಟು ಎತ್ತಬೇಕಾದರೆ ಕೆಸರು ಕದಡಲೇಬೇಕು. ಎದ್ದ ಜೇಡಿ ಬೇಗ ಕೂರದು.

ನನ್ನ ಫೋನಿನ ಬ್ಯಾಟರಿಗೂ ಕೋಬಾಲ್ಟ್ ಬೇಕು. ಹಾಗಾಗಿ ಗಂಟುಗಳನ್ನು ಮುಟ್ಟಲೇಬಾರದೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಲಾಭನಷ್ಟ ಬರೆಯುವವರು ಲೋಹದ ಟನ್ನುಗಳ ಪಕ್ಕದಲ್ಲಿ ಆ ಕೆಸರಿನ ಕಾಲವನ್ನೂ ಬರೆಯಲಿ. ಬರೀ ಕೆಸರು ತಾನೇ ಎಂದು ಬಿಟ್ಟರೆ ಲೆಕ್ಕ ತಪ್ಪುತ್ತದೆ.