ಸೊಕ್ಕು ಯಾರದು?

ಇದು ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಇದ್ದಾಗ ಓದಿ.

ಹೋದ ಭಾನುವಾರ ಒಂದು ಸಭೆಯಲ್ಲಿ ವೇದಿಕೆ ಮೇಲಿದ್ದ ವಿಚಾರವಾದಿ ಗೆಳೆಯರೊಬ್ಬರು, "ಚರ್ಚಿಗೆ ಹೋಗುವ ದಲಿತರು ಒಂದು ಗುಲಾಮಗಿರಿ ಬಿಟ್ಟು ಇನ್ನೊಂದಕ್ಕೆ ಸೇರಿಕೊಂಡವರು" ಅಂದರು. ಜೋರು ಚಪ್ಪಾಳೆ ಬಿತ್ತು. ನಾನೂ ನಾಸ್ತಿಕನೇ, ಬಿ.ಎ. ಓದುವ ಕಾಲದಿಂದ. ಆದರೆ ಚಪ್ಪಾಳೆ ಹೊಡೆಯೋಕೆ ನನ್ನ ಕೈ ಏಳಲಿಲ್ಲ. ನಮ್ಮ ದೊಡ್ಡವ್ವ ತೀರಿಹೋಗಿ ಆಗಿನ್ನೂ ತಿಂಗಳಾಗಿರಲಿಲ್ಲ.

ದೊಡ್ಡವ್ವ ಅಂದ್ರೆ ನಮ್ಮವ್ವನ ಅಕ್ಕ. ಬೀದರ್ ಕಡೆಯವರಿಗೆ ಗೊತ್ತು, ನಿಜಾಮನ ಕಾಲದಲ್ಲೇ ಅಲ್ಲಿನ ಮಾದಿಗರ ಕೇರಿಗಳಿಗೆ ಮೆಥೋಡಿಸ್ಟ್ ಮಿಷನ್ನಿನವರು ಬಂದಿದ್ದರು. ಶಾಲೆ, ದವಾಖಾನೆ, ಪ್ರಾರ್ಥನೆ ಮೂರೂ ಒಟ್ಟಿಗೆ ಬಂದವು. ದೊಡ್ಡವ್ವನನ್ನು ಕೊಟ್ಟ ಮನೆ ಹಾಗೆ ಸಭೆಗೆ ಸೇರಿದ ಮನೆ. ಮದುವೆಗೆ ಮುಂಚೆ ದೀಕ್ಷಾಸ್ನಾನ ಆಯ್ತು. ನಮ್ಮವ್ವನನ್ನು ಕೊಟ್ಟ ಮನೆ ಸೇರಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು, ಕಾಗದದಲ್ಲಿ ಎರಡು ಜಾತಿ ಆದರು. ಅದಕ್ಕೆ ಆಮೇಲೆ ಬರ್ತೀನಿ.

ಕಾಲೇಜಿಗೆ ಅಂತ ನಾನು ಐದು ವರ್ಷ ಇದ್ದದ್ದು ಆಕೆಯ ಮನೆಯಲ್ಲೇ. ಗೋಡೆ ಮೇಲೆ ಯೇಸುವಿನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಬೆಳಗ್ಗೆ ಎರಡಕ್ಕೂ ಒಂದೇ ಬಟ್ಟೆಯಲ್ಲಿ ಧೂಳು ಒರೆಸೋಳು. ಆ ವಯಸ್ಸಲ್ಲಿ ನನಗೆ ವಿಚಾರವಾದದ ಹುಚ್ಚು ಹಿಡಿದಿತ್ತು. ಕೋವೂರರ ಪುಸ್ತಕ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಮಾಡಿದ ಪವಾಡ ಪರೀಕ್ಷಾ ಸಮಿತಿಯ ಕತೆ, ಎಲ್ಲಾ ಬಾಯಿಪಾಠ. ಊರೂರಿಗೆ ಹೋಗಿ ಕೈಯಿಂದ ಬೂದಿ ಉದುರಿಸಿ, ನಾಲಿಗೆ ಮೇಲೆ ಕರ್ಪೂರ ಹಚ್ಚಿ "ಇದರಲ್ಲಿ ದೇವರಿಲ್ಲ, ಕೈಚಳಕ ಅಷ್ಟೇ" ಅಂತ ಹೇಳ್ತಿದ್ದೆ. ಒಳ್ಳೆ ಕೆಲಸವೇ ಅದು, ಈಗಲೂ ಹೇಳ್ತೀನಿ.

ಆದರೆ ಒಂದು ಕ್ರಿಸ್ಮಸ್ ದಿನ, ಮನೆ ತುಂಬ ನೆಂಟರು ಊಟಕ್ಕೆ ಕೂತಿದ್ದಾಗ, ನಾನು ದೊಡ್ಡವ್ವನಿಗೆ ಕೇಳಿದೆ: "ನಿನ್ನ ಯೇಸು ನಿನಗೇನು ಕೊಟ್ಟ? ಒಂದು ಡಬ್ಬಿ ಹಾಲಿನ ಪುಡಿ, ಅಷ್ಟೇ ಅಲ್ವಾ?" ಕೆಲವರು ನಕ್ಕರು. ಆಕೆ ನನ್ನ ತಟ್ಟೆಗೆ ಅನ್ನ ಹಾಕ್ತಿದ್ದಳು. ಹಾಕೋದು ನಿಲ್ಲಿಸಲಿಲ್ಲ. "ನಾಕು ಅಕ್ಷರ ಬಂದ್ವು, ಸೊಕ್ಕು ಬಂದದ ನೋಡು ನಿನಗ" ಅಂದಳು.

ಸೊಕ್ಕು. ಈ ಮಾತಿನ ಜೊತೆ ನನಗೆ ಹಳೇ ಲೆಕ್ಕ ಇತ್ತು. ನಾನು ಸಣ್ಣವನಿದ್ದಾಗ ನಮ್ಮಪ್ಪ ಹೊಸ ಚಪ್ಪಲಿ ಹಾಕಿಕೊಂಡು ಗೌಡರ ಮನೆ ಮುಂದೆ ನಡೆದು ಹೋದದ್ದಕ್ಕೆ, "ಇವಕ್ಕ ಸೊಕ್ಕು ಬಂದದ" ಅಂದಿದ್ದರು. ಹುಡುಗ ಇಂಗ್ಲಿಷ್ ಅಂಗಿ ಹಾಕಿದರೆ ಸೊಕ್ಕು, ಹುಡುಗಿ ಸೈಕಲ್ ಹತ್ತಿದರೆ ಸೊಕ್ಕು, ಕೂಲಿ ಲೆಕ್ಕ ಕೇಳಿದರೆ ಸೊಕ್ಕು. ಅದಕ್ಕೇ ದೊಡ್ಡವ್ವನಿಗೆ ಎದುರು ಹೇಳಿದೆ: "ಗೌಡರ ಮಾತು ನಿನ್ನ ಬಾಯಲ್ಲಿ ಬರ್ತಾ ಇದೆ. ಪಾದ್ರಿ ನಿನಗೆ ತಗ್ಗಿ ಬಗ್ಗಿ ನಡಿ ಅಂತ ಕಲಿಸಿದ್ದು ಇದಕ್ಕೇ." ಆಕೆ ಮತ್ತೆ ಮಾತಾಡಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಭಗತ್ ಸಿಂಗ್ 1930ರಲ್ಲಿ ಲಾಹೋರ್ ಜೈಲಿನಲ್ಲಿ 'ನಾನೇಕೆ ನಾಸ್ತಿಕ' ಬರೆದದ್ದು ನಿಮಗೆಲ್ಲ ಗೊತ್ತಿದೆ. ಆ ಬರಹ ಶುರುವಾಗೋದೇ ಈ ಪ್ರಶ್ನೆಯಿಂದ: ನಾನು ದೇವರನ್ನು ನಂಬದಿರುವುದು ಅಹಂಕಾರದಿಂದಲೋ? ಅವನು ಆ ಆರೋಪವನ್ನು ತಳ್ಳಿ ಓಡಿಹೋಗಲ್ಲ. ಕೂತು ತನ್ನನ್ನೇ ತಪಾಸಣೆ ಮಾಡಿಕೊಳ್ತಾನೆ. ನೇಣು ಮುಂದಿದೆ, ನಂಬಿದ್ದರೆ ಸಮಾಧಾನವಾದರೂ ಸಿಗುತ್ತಿತ್ತು, ಆದರೂ ಬೇಡ ಅಂತಾನೆ. ನಾನು ಆ ಪುಸ್ತಕವನ್ನು ಹತ್ತು ಸಲ ಓದಿದ್ದೆ, ಸಭೆಗಳಲ್ಲಿ ಉದಾಹರಿಸಿದ್ದೆ. ಆದರೆ ಆ ಮೊದಲ ಪ್ರಶ್ನೆಯನ್ನು ನನಗೆ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನನಗೆ ನೇಣೂ ಇರಲಿಲ್ಲ, ದೊಡ್ಡವ್ವ ಹಾಕಿದ ಅನ್ನ ಇತ್ತು.

ಚರ್ಚಿನಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ. ದೀನತೆಯ ಬಗ್ಗೆ ಅಲ್ಲಿ ಎಷ್ಟು ಬೋಧನೆ ಆಗುತ್ತಿತ್ತೋ ಮುಂದಿನ ಬೆಂಚಿಗೆ ಅಷ್ಟೇ ಪೈಪೋಟಿ ಇತ್ತು. ಸರ್ಕಾರಿ ನೌಕರಿ ಇರುವವರು, ಆಸ್ತಿ ಕಮಿಟಿಯವರು ಮುಂದೆ. ಮೂವತ್ತು ವರ್ಷ ಆ ಕಟ್ಟಡದ ಕಸ ಗುಡಿಸಿದ ದೊಡ್ಡವ್ವ ಹಿಂದೆ, ಬಾಗಿಲ ಹತ್ತಿರ. ಜಾತಿ ಹೊರಗೇ ಉಳಿದಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾರ ಮನೆಗೆ ಹೆಣ್ಣು ಕೊಡೋದು ಅನ್ನೋ ಮಾತು ಬಂದ ಕೂಡಲೇ ಸ್ನಾನದ ನೀರೆಲ್ಲ ಆರಿಹೋಗುತ್ತಿತ್ತು.

ಒಂದು ವರ್ಷ ಹೊಸದಾಗಿ ಒಬ್ಬ ಪ್ರಾಯದ ಪಾದ್ರಿ ಬಂದರು. ಶುಭ ಶುಕ್ರವಾರದ ಹಿಂದಿನ ಗುರುವಾರ ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಅದಕ್ಕೆ ಅಲ್ಲಿ ಯಾವಾಗಲೂ ಹಿರಿಯರನ್ನೇ ಕೂರಿಸುತ್ತಿದ್ದರು, ಎಲ್ಲ ಗಂಡಸರು. ಈ ಪಾದ್ರಿ ದೊಡ್ಡವ್ವನನ್ನು ಕರೆದರು. ಆಕೆ ಕುರ್ಚಿಯಲ್ಲಿ ಕೂತು ಸೀರೆಯಿಂದ ಕಾಲು ಮುಚ್ಚಿಕೊಂಡಳಂತೆ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿದ್ದವು, ಅದಕ್ಕೆ ನಾಚಿಕೆ. ಪಾದ್ರಿ ಮೊಣಕಾಲೂರಿ ಕೂತು, ತೊಳೆದು, ಒರೆಸಿದರು. ಪಕ್ಕದ ಕುರ್ಚಿಯ ಹಿರಿಯರು ಮೆಲ್ಲಗೆ "ನೀರು ಬದಲಿ ಮಾಡ್ರಿ" ಅಂದರಂತೆ. ಪಾದ್ರಿ ಕೇಳಿಸದವರ ಹಾಗೆ ಅದೇ ಬೋಗುಣಿ ಮುಂದೆ ಸರಿಸಿದರು. ಆ ಪಾದ್ರಿ ಬಹಳ ದಿನ ಅಲ್ಲಿ ಉಳಿಯಲಿಲ್ಲ, ಅದು ಬೇರೆ ಮಾತು.

ಇದನ್ನು ದೊಡ್ಡವ್ವ ನನಗೆ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ. "ನನ್ನ ಕಾಲು ಅಲ್ಲಿತನ ಯಾರೂ ಮುಟ್ಟಿರಲಿಲ್ಲ ಮಗಾ. ನಿಮ್ಮ ದೊಡ್ಡಪ್ಪ ಸೈತ ಮುಟ್ಟಿರಲಿಲ್ಲ" ಅಂದಳು. ನಾನು ಸುಮ್ಮನೆ ಕೂತೆ. ಆ ಪ್ರಾರ್ಥನೆಯಲ್ಲಿ ದೇವರು ಇದ್ದನಾ ಇಲ್ಲವಾ ಅನ್ನೋದಕ್ಕೆ ನನ್ನ ಉತ್ತರ ಬದಲಾಗಿಲ್ಲ. ಆದರೆ ಹಾಲಿನ ಪುಡಿ ಅಂದಿದ್ದೆನಲ್ಲ, ಆ ಮಾತು ಆವತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ನಮ್ಮ ನಾಸ್ತಿಕ ಗೆಳೆಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವೇದಿಕೆ ಮೇಲೆ ನಿಂತು "ನಾನು ಜನಿವಾರ ಕಿತ್ತೆಸೆದೆ" ಅನ್ನುವವರನ್ನು ಬಹಳ ನೋಡಿದ್ದೇನೆ, ಗೌರವವೂ ಇದೆ. ಆದರೆ ಅವರಿಗೆ ಎಸೆಯೋಕೆ ಏನೋ ಇತ್ತು. ನಮ್ಮನ್ನು ಗುಡಿಯೊಳಗೇ ಬಿಡಲಿಲ್ಲ, ನಾವು ಏನನ್ನ ಬಿಡಬೇಕು? ಅಂಥವರೊಬ್ಬರು ಒಮ್ಮೆ ನನಗೇ ಹೇಳಿದ್ದರು, "ಮೂಢನಂಬಿಕೆ ನಿಮ್ಮ ಜನರಲ್ಲೇ ಜಾಸ್ತಿ ನೋಡಿ" ಅಂತ. ನಮ್ಮ ಕೇರಿಯಲ್ಲಿ ಅವರು ಭಾಷಣ ಮಾಡಿದ್ದಾರೆ, ನೀರು ಕುಡಿದದ್ದು ನಾನು ನೋಡಿಲ್ಲ. ಎಲ್ಲರೂ ಹಾಗಿಲ್ಲ. ಆಂಧ್ರದ ಗೋರಾ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ನಾಸ್ತಿಕರಾದವರು, ಮಗಳನ್ನು ದಲಿತ ಹುಡುಗನಿಗೆ ಕೊಟ್ಟರು. ಮದುವೆ ಸೇವಾಗ್ರಾಮದಲ್ಲಿ ಆಗಬೇಕಿತ್ತು, ಗಾಂಧಿ ಒಪ್ಪಿದ್ದರು, ಅಷ್ಟರಲ್ಲಿ ಅವರ ಕೊಲೆಯಾಯ್ತು. ಆದರೂ ಅದೇ 1948ರಲ್ಲಿ ಅಲ್ಲೇ ಮದುವೆ ನಡೆಯಿತು. ನಂಬದವನ ವಿನಯ ಅಂದರೆ ನನಗೆ ನೆನಪಾಗೋದು ಅದು.

ಈಗ ಕಾಗದದ ಮಾತು. ನಾನು ಕಚೇರಿಯಲ್ಲಿ ಗುಮಾಸ್ತ, ಜಾತಿ ಪ್ರಮಾಣಪತ್ರದ ಅರ್ಜಿಗಳು ನನ್ನ ಮೇಜಿನ ಮೇಲೆ ಬರುತ್ತವೆ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಗೆ ಸೇರುವ ಹಾಗಿರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಗೆರೆ ಅಳಿಸಿ ಅಂತ ವರದಿ ಕೊಟ್ಟಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಬಂತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಹೆಣ್ಣುಮಗಳ ಅರ್ಜಿ ತಳ್ಳಿಹಾಕಿತು. ಆಕೆ ಚರ್ಚಿಗೆ ಹೋಗುತ್ತಾಳೆ, ಹಾಗಾಗಿ ಹಿಂದೂ ಅಲ್ಲ ಅಂತ. ಆಕೆ ಕೇಳಿದ್ದು ಗುಮಾಸ್ತೆಯ ಕೆಲಸ, ಹೆಚ್ಚುಕಡಿಮೆ ನಾನು ಮಾಡುವ ಕೆಲಸವೇ.

ನನ್ನನ್ನು ನೋಡಿ. ಯಾವ ದೇವರನ್ನೂ ನಂಬಲ್ಲ ಅಂತ ಮೈಕಿನಲ್ಲಿ ಕೂಗಿದವನು. ಯಾರೂ ನನ್ನ ಪ್ರಮಾಣಪತ್ರ ಮುಟ್ಟಿಲ್ಲ. ದೊಡ್ಡವ್ವನ ಮಗ ನನ್ನ ಜೊತೆ ಅದೇ ಓಣಿಯಲ್ಲಿ ಆಡಿದವನು, ಅದೇ ಹೋಟೆಲಿನಲ್ಲಿ ಹೊರಗಿಟ್ಟ ಲೋಟದಲ್ಲಿ ಚಹಾ ಕುಡಿದವನು. ಅವನಿಗೆ ಸಿಕ್ಕಿದ್ದು ಪ್ರವರ್ಗ 1. ಲೋಟ ಇಡುವಾಗ ಯಾರೂ ಅವನಿಗೆ ದೀಕ್ಷಾಸ್ನಾನ ಆಗಿದೆಯಾ ಅಂತ ಕೇಳಿರಲಿಲ್ಲ. "ಚರ್ಚ್ ಬಿಟ್ಟೆ ಅಂತ ಬರೆದುಕೊಡು, ನೋಡೋಣ" ಅಂತ ಕೆಲವರು ಅವನಿಗೆ ಹೇಳಿದ್ದರು. ನಾನೂ ಹೇಳಿದ್ದೆ. ದೊಡ್ಡವ್ವ ಬೇಡ ಅಂದಳು. "ನೌಕರಿಗೆ ಸುಳ್ಳು ಬರಿಬ್ಯಾಡ" ಅಂದಳು, ಅಷ್ಟೇ. ಆಗ ಅದು ನನಗೆ ಮೂರ್ಖತನ ಅನ್ನಿಸಿತ್ತು. ಈಗ ಅದೂ ಒಂದು ಸೊಕ್ಕು ಅನ್ನಿಸುತ್ತೆ, ನಮ್ಮಪ್ಪನ ಚಪ್ಪಲಿಯ ಜಾತಿಯದು.

ಕೊನೆಯ ವರ್ಷ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಹೋದಾಗಲೆಲ್ಲ ಬೈಬಲ್ ಕೈಗೆ ಕೊಡುತ್ತಿದ್ದಳು. "ನೀ ನಂಬಬ್ಯಾಡ, ನಿನ್ನ ಉಚ್ಚಾರ ಸ್ವಚ್ಛ ಅದ, ಓದು ಅಷ್ಟೇ." ಓದುತ್ತಿದ್ದೆ. ಮಧ್ಯೆ ನಿಲ್ಲಿಸಿ ವಾದ ಮಾಡುತ್ತಿದ್ದೆ. ಕೆಲವಕ್ಕೆ ನಗುತ್ತಿದ್ದಳು, ಕೆಲವಕ್ಕೆ "ಮುಂದ ಓದು" ಅನ್ನುತ್ತಿದ್ದಳು. ಆ ಕ್ರಿಸ್ಮಸ್ ಊಟದ ಮಾತಿಗೆ ತಪ್ಪಾಯಿತು ಅಂತ ಹೇಳಬೇಕು ಅಂತ ಪ್ರತಿ ಸಲ ಹೋದಾಗಲೂ ಅಂದುಕೊಳ್ತಿದ್ದೆ. ಹೇಳಲಿಲ್ಲ.

ಮಣ್ಣಿನ ದಿನ ಪಾದ್ರಿ ಎಲ್ಲರೂ ತಲೆ ಬಗ್ಗಿಸಿ ಅಂದರು. ನಾನು ಬಗ್ಗಿಸಿದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಸಂಘಟನೆಯ ಹುಡುಗ ನನ್ನ ಮುಖ ನೋಡಿದ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೂ ಬಿಟ್ಟ, "ಅಣ್ಣಾ, ನೀವೂನಾ?" ಅಂತ. ಅವನಿಗೆ ಒಂದು ಚಹಾ ಕೊಡಿಸಿದೆ.

ದೊಡ್ಡವ್ವನ ಮೊಮ್ಮಗ ಈ ಸಲ ಪಿಯುಸಿ ಮುಗಿಸಿದ್ದಾನೆ. ಸೋಮವಾರ ಪ್ರಮಾಣಪತ್ರಕ್ಕೆ ಬರುತ್ತಾನೆ, ನನ್ನ ಮೇಜಿಗೇ. ಕಂಪ್ಯೂಟರಿನಲ್ಲಿ ಧರ್ಮದ ಕಾಲಂ ತುಂಬಬೇಕಾದವನು ನಾನೇ.